ಜ್ಯಾಡ ಹಿಡಿಯೋ ಕೆಂಪು ತುದಿಯ ಕಣಜ

ನಮ್ಮ ಕಲಬುರಗಿ ಕಡೆ ಹಳೇ ಮನಿ ಅಂದ್ರ ಶಹಾಬಾದ್ ಪರ್ಸಿ ಕಲ್ಲು, ಪರ್ಸಿ ಅಂದ್ರ ಸಂದಿ, ಸಂದಿ ಅಂದ್ರ ಜ್ಯಾಡ, ಇನ್ನ ಜ್ಯಾಡ ಇದ್ದಲ್ಲಿ ಈ ಕಣಜ ಹುಡುಕ್ಕೋತ ಬಂದೇ ಬರ್ತದ ನೋಡ್ರಿ. ಹೆಸರು ಟ್ಯಾಕಿಪಾಂಪಿಲಸ್ ಅನಾಲಿಸ್, 1781ರಾಗೇ ಫ್ಯಾಬ್ರಿಶಿಯಸ್ ಅನ್ನೋ ವಿಜ್ಞಾನಿ ಇದನ್ನ ವಿವರಿಸ್ಯಾರ. ಮೈ ಕಪ್ಪು, ಹೊಟ್ಟಿ ತುದಿ ಮಾತ್ರ ಕೆಂಪು, ರೆಕ್ಕಿನೂ ಕಪ್ಪೇ, ಆದ್ರ ಬಿಸಿಲಾಗ ಸ್ವಲ್ಪ ವಾರಿ ಆದ್ರ ಸಾಕು ನೀಲಿ ಮಿಂಚತದ. ಮಣ್ಣಿನ ಗೂಡು ಕಟ್ಟೋ ಕಣಜನೂ ಇದೂ ಒಂದೇ ಅಂತ ಭಾಳ ಮಂದಿ ತಿಳ್ಕೊಂಡಾರ, ಹಂಗಿಲ್ರಿ, ಅದರ ನಡ ದಾರದಂಗ ಉದ್ದ ಇರ್ತದ, ಇದರದು ಗಿಡ್ಡ.

ನನಗ ಮಜಾ ಅನಸೋದು ಇದರ ಕಾಲು. ಹಿಂದಿನ ಕಾಲು ಉದ್ದಾನುದ್ದ, ಮ್ಯಾಲೆ ಸಣ್ಣ ಸಣ್ಣ ಮುಳ್ಳು. ಹಾರೋದಕ್ಕಿಂತ ಓಡಾಡೋದೇ ಜಾಸ್ತಿ, ರೆಕ್ಕಿ ಪಟಪಟ ಅಲ್ಲಾಡಿಸ್ಕೋತ, ಮೀಸಿ ಗ್ವಾಡಿಗಿ ಬಡದು ಬಡದು ವಾಸನಿ ನೋಡ್ತಿರ್ತದ. ಹೆಣ್ಣಿನ ಮೀಸಿ ಸುರುಳಿ ಸುತ್ತಿರ್ತದ, ಬ್ಯಾಟಿ ಅದರದೇ ಕೆಲಸ, ಗಂಡು ಹೂವಿನ ಮಕರಂದ ಕುಡ್ಕೋತ ಆರಾಮ್ ಇರ್ತದ.

ಬ್ಯಾಸಗ್ಯಾಗ ಬಚ್ಚಲ ಗ್ವಾಡಿ ಮ್ಯಾಲೆ ಒಂದು ಹೆಣ್ಣು ದೊಡ್ಡ ಜ್ಯಾಡ ಎಳಕೊಂಡು ಹೊಂಟಿತ್ತು, ಬಲಿ ಕಟ್ಟದೇ ರಾತ್ರಿ ಗ್ವಾಡಿ ಮ್ಯಾಲೆ ಚಪ್ಪಟ್ಟೆ ಕುಂಡ್ರತದಲ್ರಿ, ಅದೇ ಹಂಟ್ಸ್‌ಮನ್ ಜಾತಿ. ಜ್ಯಾಡ ಇದಕ್ಕಿಂತ ದೊಡ್ಡದು, ಹೊತ್ಕೊಂಡು ಹಾರಲಾಕ ಆಗಂಗಿಲ್ಲ, ಅದಕ್ಕ ಬಾಯಾಗ ಕಚ್ಚಿ ಹಿಂದ ಹಿಂದ ನಡೀತಿತ್ತು, ನಡುವ ಬಿಟ್ಟು ಸಂದಿ ನೋಡಿ ಬಂದು ಮತ್ತ ಎಳೀತಿತ್ತು. ಕಾಕಿ ಕಸಬರಗಿ ತಂದೇ ಬಿಟ್ರು. ತಡೀರಿ ಕಾಕಿ, ಜ್ಯಾಡ ಸತ್ತಿಲ್ಲ, ಕಾಲಿನ ಬುಡದ ಹತ್ರ ಚುಚ್ಚಿ ಲಕ್ವಾ ಹೊಡಿಸ್ಯಾದ ಅಂದೆ. ಸಂದ್ಯಾಗ ಒಯ್ದು ಅದರ ಹೊಟ್ಟಿ ಮ್ಯಾಲೆ ಒಂದೇ ತತ್ತಿ ಇಡ್ತದ, ಮರಿ ಬಂದು ಜೀವ ಹೋಗಲಾರದ ಭಾಗ ಮೊದಲ ತಿಂತದ, ಮಾಂಸ ಕೆಡಬಾರದಲ್ಲ. ಕಾಕಿ ಮಾರಿ ಕಿವಿಚಿ, "ಊಟದ ಹೊತ್ತಿಗಿ ಇಂಥಾದು ಹೇಳಬ್ಯಾಡ" ಅಂದ್ರು. ಆದ್ರ ಕಸಬರಗಿ ಕೆಳಗಿಟ್ರು.

ಕಚ್ಚತದೇನು ಅಂತ ಎಲ್ಲಾರೂ ಕೇಳ್ತಾರ. ಗಂಡಿಗಿ ಚುಚ್ಚೋ ಮುಳ್ಳೇ ಇಲ್ಲ. ಹೆಣ್ಣು ತಾನಾಗೇ ಮೈ ಮ್ಯಾಲೆ ಬರಂಗಿಲ್ಲ, ಕೈಯಾಗ ಹಿಡದ್ರ ಮಾತ್ರ ಚುಚ್ಚತದ. ಇದೇ ಕುಟುಂಬದ ಅಮೆರಿಕಾದ ಟ್ಯಾರಂಟುಲಾ ಹಾಕ್ ಅನ್ನೋ ಕಣಜಗಳಿಗೆ ಜಸ್ಟಿನ್ ಶ್ಮಿಟ್ ಅನ್ನೋ ಕೀಟ ವಿಜ್ಞಾನಿ, ಕೀಟ ಚುಚ್ಚಿದ್ರ ಎಷ್ಟು ನೋವು ಅನ್ನೋ ತಮ್ಮ ಪಟ್ಟ್ಯಾಗ 4 ಅಂಕ ಕೊಟ್ಟಾರ, ಅದರ ಮ್ಯಾಲೆ ಅಂಕಾನೇ ಇಲ್ಲ. ಅದಕ್ಕ ಫೋಟೋ ತಕ್ಕೊಳ್ಳೋರು ಝೂಮ್ ಮಾಡ್ಕೊಂಡು ತಕ್ಕೋರಿ.