ಮೂರು ಕಾದಂಬರಿ, ಮುಗಿದದ್ದು ಒಂದೂ ಇಲ್ಲ

ಸದ್ಯಕ್ಕೆ ನಾನು ಮೂರು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಪ್ರಕಟವಾಗಿರುವುದು ಸೊನ್ನೆ. ಇದನ್ನು ಕೇಳಿದವರೆಲ್ಲ ಮೊದಲು ಒಂದನ್ನು ಮುಗಿಸು ಮಾರಾಯ ಅನ್ನುತ್ತಾರೆ. ಅಮ್ಮ ಎರಡು ದೋಣಿ ಮೇಲೆ ಕಾಲಿಡಬೇಡ ಅಂದಳು, ಆಮೇಲೆ ತಾನೇ ಲೆಕ್ಕ ಹಾಕಿ "ನಿನ್ನದು ಮೂರಲ್ವಾ" ಅಂತ ನಕ್ಕಳು.

ಒಂದು ವೀರಗಲ್ಲಿನ ಕತೆ. ಕೆರೆ ಏರಿ ಮೇಲೆ, ಗುಡಿ ಹಿಂದೆ ನಿಂತಿರುವ ಆ ಕಲ್ಲುಗಳನ್ನು ನೋಡಿರುತ್ತೀರಿ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ಬಹಳ ಸಲ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುತ್ತಿರುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ, ಇನ್ನೂ ಮೇಲೆ ಸೂರ್ಯ ಚಂದ್ರ. ನನ್ನ ವೀರ ನಡುವಿನ ಅಂತಸ್ತಿನಲ್ಲೇ ಸಿಕ್ಕಿಹಾಕಿಕೊಂಡಿದ್ದಾನೆ. ಊರಿನವರು ಕಲ್ಲುಕುಟಿಗನಿಗೆ ಪೂರ್ತಿ ಕೂಲಿ ಕೊಡಲಿಲ್ಲ, ಅವನು ಮೇಲಿನದನ್ನು ಕೆತ್ತಲಿಲ್ಲ. ಕೆತ್ತದೇ ಇದ್ದದ್ದು ನಡೆಯುವುದಿಲ್ಲ, ಅದೇ ಆ ಲೋಕದ ಕಾನೂನು.

ಎರಡನೆಯದು ಶರಾವತಿ ಹಿನ್ನೀರಿನದು. 1964ರ ಲಿಂಗನಮಕ್ಕಿ ಅಣೆಕಟ್ಟೆ ಊರುಗಳನ್ನಷ್ಟೇ ಮುಳುಗಿಸಲಿಲ್ಲ, ಅದಕ್ಕೂ ಮೊದಲು ಮಡೆನೂರಿನ ಹತ್ತಿರ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯನ್ನೂ ನುಂಗಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಆ ಹಳೇ ಕಟ್ಟೆ ಮೇಲೆ ಏಳುತ್ತದೆ. ಇಷ್ಟು ಸಿಕ್ಕ ಮೇಲೆ ಡ್ರ್ಯಾಗನ್ ಯಾಕೆ ಬೇಕು ಹೇಳಿ. ಕತೆಯಲ್ಲಿ, ಹಿನ್ನೀರು ದಾಟಿಸುವ ಸಿಗಂದೂರಿನ ಲಾಂಚ್ ಮುಳುಗಿದ ಲೋಕಕ್ಕೆ ಬಾಗಿಲು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಉದ್ಘಾಟನೆ ಆಯಿತು. ಸಂಜೆ ಲಾಂಚ್ ನಿಂತ ಮೇಲೆ ಕಾಯಿಲೆಯವರನ್ನು ಇಟ್ಟುಕೊಂಡು ಒದ್ದಾಡುತ್ತಿದ್ದ ಆ ದಡದ ಜನಕ್ಕೆ ಅದು ಎಷ್ಟು ದೊಡ್ಡದು ಅಂತ ಗೊತ್ತು. ನನ್ನ ಕಾದಂಬರಿಗೆ ಮಾತ್ರ ಸ್ವಲ್ಪ ಕಷ್ಟಕ್ಕೆ ಬಂತು.

ಮೂರನೆಯದು ತಲಕಾಡು. ಅಲಮೇಲಮ್ಮನ ಶಾಪ, ಮರಳು, ಮರಳಿನಡಿಯ ಗುಡಿಗಳು. ಅದು ಇನ್ನೂ ನೋಟ್‌ಬುಕ್‌ನಲ್ಲೇ ಇದೆ.

ಮೂರನ್ನೂ ಇಟ್ಟುಕೊಂಡಿರೋದಕ್ಕೆ ನನಗೇನೂ ನಾಚಿಕೆ ಇಲ್ಲ. ಆದರೆ ಮೂರೂ ಒಂದೇ ಹಂತದಲ್ಲಿ ಇರಬಾರದು. ಮೊದಲ ಕರಡು ಯಾವತ್ತೂ ಒಂದೇ, ಈಗ ಅದು ಶರಾವತಿ. ಬೆಳಗ್ಗೆ ಯಾರೂ ಎದ್ದಿರದ ಹೊತ್ತು ಅದಕ್ಕೆ. ವೀರಗಲ್ಲಿನದು ಕರಡು ಆಗಿದೆ, ತಿದ್ದುವ ಕೆಲಸ, ಅದನ್ನು ರಾತ್ರಿ ಸುಸ್ತಾಗಿದ್ದಾಗಲೂ ಮಾಡಬಹುದು, ಯಾಕೆಂದರೆ ವಾಕ್ಯ ಹೊಡೆದುಹಾಕಲು ಹುರುಪು ಬೇಡ, ಸ್ವಲ್ಪ ಸಿಡುಕು ಇದ್ದರೆ ಸಾಕು. ತಲಕಾಡಿನದು ಬಸ್ಸಿನಲ್ಲಿ ಫೋನಿಗೆ ಪಿಸುಗುಟ್ಟಿ ಟೈಪ್ ಮಾಡಿಸುವ ಟಿಪ್ಪಣಿ. ಫೋನು "ಮರಳು" ಅಂದರೆ "ಮರುಳು" ಅಂತ ಬರೆದುಕೊಳ್ಳುತ್ತದೆ, ಇರಲಿ.

ಎರಡು ಕರಡು ಒಟ್ಟಿಗೆ ಬರೆದರೆ ಏನಾಗುತ್ತದೆ ಅಂದರೆ ದನಿಗಳು ಬೆರೆತುಹೋಗುತ್ತವೆ. ಸಾಮಾಜಿಕ ಕಾದಂಬರಿಯಲ್ಲಿ ಹೇಗೋ ನಡೆದೀತು, ಬೆಂಗಳೂರು ಎರಡರಲ್ಲೂ ಬೆಂಗಳೂರೇ ತಾನೇ. ಫ್ಯಾಂಟಸಿಯಲ್ಲಿ ಒಂದು ಲೋಕದ ಕಾನೂನು ಇನ್ನೊಂದಕ್ಕೆ ಸೋರಿತು ಅಂದರೆ ಕತೆಯೇ ಕುಸಿಯುತ್ತದೆ. ಅದಕ್ಕೇ ಪ್ರತಿ ನೋಟ್‌ಬುಕ್‌ನ ಮೊದಲ ಪುಟದಲ್ಲಿ, ಈ ಲೋಕದ ಮಾಯೆಗೆ ಏನು ಸಾಧ್ಯವಿಲ್ಲ ಅಂತ ಬರೆದಿದ್ದೇನೆ. ಸಾಧ್ಯವಿರುವುದನ್ನು ಬರೆಯುತ್ತಾ ಹೋದರೆ ಅದಕ್ಕೆ ಕೊನೆ ಇಲ್ಲ. ಕತೆ ಬದಲಿಸುವಾಗ ಮೊದಲು ಆ ಪುಟ ಓದುತ್ತೇನೆ. ಬಿಟ್ಟ ಜಾಗದಲ್ಲಿ ಯಾರು ಎಲ್ಲಿ ನಿಂತಿದ್ದಾರೆ, ಕೈಯಲ್ಲಿ ಏನಿದೆ, ಯಾರ ಮೇಲೆ ಸಿಟ್ಟಿದೆ ಅಂತ ಎರಡು ಸಾಲು ಬರೆದಿಟ್ಟಿರುತ್ತೇನೆ. ಇಷ್ಟಾದರೂ ಸೋರುತ್ತದೆ. ಮೂರೂ ಕತೆಯಲ್ಲಿ ಎಲೆಅಡಿಕೆ ಜಗಿಯುತ್ತಾ ಎಲ್ಲ ಗುಟ್ಟನ್ನೂ ಬಲ್ಲ ಒಬ್ಬಳು ಅಜ್ಜಿ ಬಂದು ಕೂತಿದ್ದಳು. ಈಗ ಅವಳು ಶರಾವತಿಯಲ್ಲಿ ಮಾತ್ರ ಇದ್ದಾಳೆ. ತಲಕಾಡಿನಲ್ಲಿ ಅವಳ ಜಾಗಕ್ಕೆ ಏನೂ ಗೊತ್ತಿಲ್ಲದ, ಮರಳು ಎತ್ತುವ ಕೂಲಿ ಹುಡುಗ ಬಂದಿದ್ದಾನೆ, ಕತೆಗೆ ಜೀವ ಬಂದದ್ದೇ ಅಲ್ಲಿಂದ.

ಕೆಲವರು ಅಮೆರಿಕದ ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ ಹೆಸರು ಹೇಳುತ್ತಾರೆ. ಆತ 2022ರಲ್ಲಿ, ಗುಟ್ಟಾಗಿ ನಾಲ್ಕು ಕಾದಂಬರಿ ಬರೆದಿಟ್ಟಿದ್ದೆ ಅಂತ ಹೇಳಿ, ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ 4 ಕೋಟಿ ಡಾಲರ್‌ಗೂ ಜಾಸ್ತಿ ಎತ್ತಿದ. ಸರಿ, ಆದರೆ ಬರೆಯುವುದೇ ಆತನ ಕೆಲಸ, ಮತ್ತೆ ಆ ನಾಲ್ಕೂ ಮುಗಿದಿದ್ದವು.

ಹೊಸ ಕತೆ ಯಾವಾಗಲೂ ಹಳೆಯದಕ್ಕಿಂತ ಚೆಂದ ಕಾಣುತ್ತದೆ, ಅದರ ಹದಿನೈದನೇ ಅಧ್ಯಾಯವನ್ನು ಇನ್ನೂ ಬರೆದಿಲ್ಲ ನೋಡಿ. ಹಾಗಾಗಿ ಒಂದು ದೃಶ್ಯ ಕಗ್ಗಂಟಾದಾಗ ನಾನು ಕತೆ ಬದಲಿಸುವುದಿಲ್ಲ. ಗಂಟು ಬಿಚ್ಚಿದ ಮೇಲೆ ಬೇಕಾದರೆ ಬದಲಿಸುತ್ತೇನೆ. ಆಗ ವಾಪಸ್ ಬರಲು ಮನಸ್ಸಾಗುತ್ತದೆ.

ಈಗ ಶರಾವತಿಯ ಕತೆ ನೀರು ಏರುವ ಅಧ್ಯಾಯದಲ್ಲಿದೆ. ಊರು ಬಿಡುವ ಜನ ದೇವರನ್ನು ಹೊತ್ತುಕೊಂಡು ಹೋಗುತ್ತಾರಾ, ನೀರಿಗೆ ಬಿಡುತ್ತಾರಾ ಅನ್ನೋದು ತೀರ್ಮಾನ ಆಗಿಲ್ಲ. ಕತೆಗೋಸ್ಕರ ಸುಮ್ನೆ ಏನೋ ಒಂದು ಹೇಳಿಬಿಡಲು ಮನಸ್ಸಿಲ್ಲ. ನಿಮ್ಮ ಮನೆಯಲ್ಲಿ ಮುಳುಗಡೆಯಿಂದ ಎದ್ದು ಬಂದ ಹಿರಿಯರಿದ್ದರೆ, ಅವರು ಏನು ಮಾಡಿದ್ದರು ಅಂತ ಕೇಳಿ ತಿಳಿಸಿ.