ಫೋರ್ತ್ ಫ್ಲೋರ್ ಎಲ್ಲಿದೆ?

ಆಪ್ಷನಲ್ ಇಂಗ್ಲಿಷ್ ಅಂದ್ರೆ ಷೇಕ್ಸ್‌ಪಿಯರ್ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ಬ್ಯಾಚಿಗೆ ಭಯ ಇದ್ದದ್ದು ಭಾಷಾವಿಜ್ಞಾನದ ಪೇಪರಿನದು. ಸೀನಿಯರ್‌ಗಳು ಕೊಟ್ಟ ಜೆರಾಕ್ಸ್ ನೋಟ್ಸ್‌ನಲ್ಲಿ ಡಿನೋಟೇಷನ್, ಪಾಲಿಸೆಮಿ, ಡಯಲೆಕ್ಟ್ (ಒಂದು ಪ್ರದೇಶದ ಅಥವಾ ಗುಂಪಿನ ಮಾತು), ರಿಜಿಸ್ಟರ್ (ಸಂದರ್ಭಕ್ಕೆ ತಕ್ಕ ಮಾತು) ಎಲ್ಲಕ್ಕೂ ಒಂದೊಂದು ಸಾಲು. ಎರಡು ಅಂಕಕ್ಕೆ ಅಷ್ಟು ಸಾಕಿತ್ತು.

ಮೇಡಂಗೆ ಸಾಕಾಗಲಿಲ್ಲ. ಬೋರ್ಡಿನ ಮೇಲೆ 'ಸ್ಲಿಮ್', 'ಸ್ಕಿನ್ನಿ' ಎಂದು ಬರೆದು, ನಿಮ್ಮನ್ನು ಯಾವುದು ಅಂತ ಕರೆಯಲಿ ಎಂದು ಕೇಳಿದರು. ಎರಡೂ ತೆಳ್ಳಗಿರುವುದನ್ನೇ ಹೇಳುತ್ತವೆ, ಅದು ಡಿನೋಟೇಷನ್. ಒಂದರಲ್ಲಿ ಹೊಗಳಿಕೆ, ಇನ್ನೊಂದರಲ್ಲಿ ಕುಟುಕು, ಅದು ಕಾನೊಟೇಷನ್. ಮನುಷ್ಯನ 'ಮೌತ್', ನದಿಯ 'ಮೌತ್' ಒಂದೇ ಪದದ ಹಲವು ಅರ್ಥ, ಹಾಗಾಗಿ ಪಾಲಿಸೆಮಿ. ಕ್ರಿಕೆಟ್ 'ಬ್ಯಾಟ್', ಬಾವಲಿಯ 'ಬ್ಯಾಟ್' ಸಂಬಂಧವೇ ಇಲ್ಲದ ಎರಡು ಪದ, ಹಾಗಾಗಿ ಹೋಮೊನಿಮಿ. ಗೈಡುಗಳು ಇದಕ್ಕೆ 'ಬ್ಯಾಂಕ್' ಉದಾಹರಣೆ ಕೊಡುತ್ತವೆ. ನದಿ ದಡದ್ದೂ ದುಡ್ಡಿನದ್ದೂ ಹಿಂದೆ ಹುಡುಕುತ್ತಾ ಹೋದರೆ ಒಂದೇ ಜರ್ಮಾನಿಕ್ ಬೇರಿಗೆ ಸೇರುತ್ತವೆ ಎಂದು ಗೈಡು ಬರೆದವರಿಗೆ ಯಾರೂ ಹೇಳಿದಂತಿಲ್ಲ!

ನನಗೆ ನಿಜವಾಗಿ ಹಿಡಿಸಿದ್ದು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲೆಬಾವ್ ಅವರ ಕೆಲಸ. 1962ರಲ್ಲಿ ಅವರು ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದರು. ಸ್ಯಾಕ್ಸ್ ಶ್ರೀಮಂತರದ್ದು, ಮೇಸೀಸ್ ಮಧ್ಯಮ ವರ್ಗದ್ದು, ಎಸ್. ಕ್ಲೈನ್ ಅಗ್ಗದ್ದು. ನಾಲ್ಕನೇ ಮಹಡಿಯಲ್ಲಿ ಸಿಗುವ ಯಾವುದೋ ಸಾಮಾನು ಎಲ್ಲಿದೆ ಎಂದು ಕೆಲಸದವರನ್ನು ಕೇಳುವುದು. ಅವರು 'ಫೋರ್ತ್ ಫ್ಲೋರ್' ಎನ್ನಲೇಬೇಕು. ಕೇಳಿಸದವರಂತೆ ಇನ್ನೊಮ್ಮೆ ಹೇಳಿಸುವುದು. ಆಚೆ ಬಂದು, ಆ ಎರಡು 'ಆರ್'ಗಳನ್ನು ಉಚ್ಚರಿಸಿದರೋ ಇಲ್ಲವೋ ಎಂದು ಗುರುತು ಹಾಕಿಕೊಳ್ಳುವುದು. ಹೀಗೆ 264 ಜನ. 'ಆರ್' ಹೆಚ್ಚು ಕೇಳಿಸಿದ್ದು ಸ್ಯಾಕ್ಸ್‌ನಲ್ಲಿ, ಕಡಿಮೆ ಕ್ಲೈನ್‌ನಲ್ಲಿ. ಎರಡನೇ ಸಲ ನಿಧಾನವಾಗಿ ಹೇಳುವಾಗ ಎಲ್ಲ ಕಡೆಯೂ ಜಾಸ್ತಿಯಾಯಿತು. ಟೇಪ್ ರೆಕಾರ್ಡರ್ ಇಲ್ಲ, ಪ್ರಶ್ನಾವಳಿ ಇಲ್ಲ. ಸುಮ್ನೆ ದಾರಿ ಕೇಳಿ ಸಂಶೋಧನೆ ಮಾಡಬಹುದು ಅಂದರೆ ನಮಗೆ ನಂಬಿಕೆ ಬರಲಿಲ್ಲ.

ಇಂಗ್ಲೆಂಡಿನಲ್ಲಿ ಲೆಕ್ಕ ತಿರುಗಾಮುರುಗಾ. ಬಿಬಿಸಿಯ ಹಳೆಯ ವಾರ್ತೆಯವರ ಆರ್‌ಪಿಯಲ್ಲಿ, ಅಂದ್ರೆ 'ರಿಸೀವ್ಡ್ ಪ್ರೊನನ್ಸಿಯೇಷನ್' ಎಂಬ ಪ್ರತಿಷ್ಠಿತ ಉಚ್ಚಾರಣೆಯಲ್ಲಿ, ಆ 'ಆರ್' ಇಲ್ಲ. ಅಲ್ಲಿ ಅದನ್ನು ಉಳಿಸಿಕೊಂಡ ನೈಋತ್ಯ ಭಾಗದ ರೈತರ ಮಾತು ಹಳ್ಳಿ ಮಾತು. ಹಾಗಾದರೆ ಆ ಸದ್ದಿನಲ್ಲೇ ಮೇಲು-ಕೀಳು ಇಲ್ಲ, ಅಲ್ವಾ?

ಡಿಗ್ರಿ ಮುಗಿಸಿ ಬೆಂಗಳೂರಿನ ಒಂದು ಕಾಲ್ ಸೆಂಟರ್ ಸೇರಿದಾಗ ಈ ಪಾಠ ಬಹಳ ಕೆಲಸಕ್ಕೆ ಬಂತು. ನಾವು ಕನ್ನಡದವರು ಬರೆದ 'ಆರ್' ಎಲ್ಲವನ್ನೂ ಉಚ್ಚರಿಸುವವರು. ಬ್ರಿಟಿಷ್ ಪ್ರೋಸೆಸ್‌ಗೆ, ಅಂದ್ರೆ ಬ್ರಿಟನ್ನಿನ ಗ್ರಾಹಕರ ಕರೆಗಳಿಗೆ, ಹಾಕಿದಾಗ ಅದನ್ನು ನುಂಗಿ ಎಂದರು. ಅಮೆರಿಕನ್ ಪ್ರೋಸೆಸ್‌ಗೆ ಬದಲಾಯಿಸಿದಾಗ ನಾಲಗೆ ಮಡಚಿ ಗಟ್ಟಿಯಾಗಿ ಹೇಳಿ ಎಂದರು. ಎರಡು ತರಬೇತಿಗೂ ಇಟ್ಟ ಹೆಸರು ಒಂದೇ, 'ನ್ಯೂಟ್ರಲ್ ಆಕ್ಸೆಂಟ್'. ಯಾರ ಕಿವಿಗೆ ನ್ಯೂಟ್ರಲ್ ಎಂದು ಟ್ರೈನರನ್ನು ಕೇಳಿದೆ. ಕ್ಲೈಂಟ್ ಕಿವಿಗೆ ಎಂದರು. ಲೆಬಾವ್ ಇದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲ.