ಕೂಸು ಕಾಯುವ ಕೂಲಿ

16 ಮೇ 2024, ಗುರುವಾರ

ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರ ಕೆರೆಯಲ್ಲಿ ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸ ನಡೆದಿದ್ದು, ಅದನ್ನು ನೋಡಲು ಇಂದು ಬೆಳಿಗ್ಗೆ ಏಳಕ್ಕೇ ಹೋಗಿದ್ದೆ. ಕೂಲಿಕಾರರ ಗುಂಪಿನ ಮೇಲ್ವಿಚಾರಣೆ ನೋಡುವ ಕಾಯಕ ಬಂಧು ಮೊಬೈಲಿನಲ್ಲಿ ಹಾಜರಿಯ ಫೋಟೊ ತೆಗೆದು ಮುಗಿಸುವಷ್ಟರಲ್ಲಿ ಬಿಸಿಲು ಚುರುಗುಟ್ಟತೊಡಗಿತ್ತು. ಗಂಡಸರು ಅಗೆಯುವುದು, ಹೆಂಗಸರು ಸಿಂಬಿಯ ಮೇಲೆ ಬುಟ್ಟಿ ಹೊರುವುದು ಎಂಬ ಹಳೆಯ ಪಾಲು ಇಲ್ಲಿಯೂ ತಪ್ಪಿಲ್ಲ. ಆದರೆ ಹೊಲದ ಕೆಲಸಕ್ಕೆ ಗಂಡಾಳಿಗೊಂದು, ಹೆಣ್ಣಾಳಿಗೊಂದು ದರವಿರುವ ಇದೇ ಊರಿನಲ್ಲಿ, ಕೆರೆಗೆ ಇಳಿದ ಮೇಲೆ ಇಬ್ಬರಿಗೂ ದಿನಕ್ಕೆ 349 ರೂಪಾಯಿಯ ಒಂದೇ ದರ.

ಏರಿಯ ಮೇಲಿನ ಬೇವಿನ ಮರದ ಕೊಂಬೆಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿತ್ತು. ಅದರಲ್ಲೊಂದು ಕೂಸು ಮಲಗಿತ್ತು. ಇನ್ನೂ ಆರು ಮಕ್ಕಳು ಕೆಳಗೆ ಮಣ್ಣಿನಲ್ಲಿ ಆಡುತ್ತಿದ್ದವು. ಕೆಲಸದ ಜಾಗಕ್ಕೆ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕೆಂದು 2005ರ ಕಾಯ್ದೆಯ ಅನುಸೂಚಿಯಲ್ಲಿಯೇ ಇದೆ. ಮಂಡಿನೋವಿರುವ ಹಿರಿಯ ಹೆಂಗಸೊಬ್ಬರಿಗೆ ಗುಂಪಿನವರೇ ಈ ಕೆಲಸ ಬಿಟ್ಟುಕೊಟ್ಟಿದ್ದರು. ನಾನು ಹತ್ತಿರ ಕುಳಿತಾಗ ಆಕೆ ಜೋಳಿಗೆ ತೂಗುತ್ತಲೇ, ‘ಮನ್ಯಾಗ ಐದು ಮಕ್ಕಳನ್ನ ಬೆಳಿಸೀನ್ರೀ ಅಕ್ಕಾರ, ಯಾರೂ ಒಂದ್ ರೂಪಾಯಿ ಕೊಡ್ಲಿಲ್ಲ. ಇಲ್ಲಿ ತೂಗಿದ್ರ ಹಾಜರಿ ಹಾಕ್ತಾರ’ ಎಂದು ನಕ್ಕರು.

ಆ ಮಾತನ್ನು ಕೇಳಿದ ಮೇಲೆ, 2019ರ ಕಾಲ ಬಳಕೆ ಸಮೀಕ್ಷೆಯ ಅಂಕಿಗಳು ನನಗೆ ಬೇರೆಯೇ ರೀತಿಯಲ್ಲಿ ಕಾಣತೊಡಗಿದವು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಮಕ್ಕಳನ್ನೂ ಮುದುಕರನ್ನೂ ನೋಡಿಕೊಳ್ಳುವ ಹೊತ್ತಿನ ಲೆಕ್ಕ ಇದರಲ್ಲಿ ಸೇರಿಲ್ಲ. ಅಂದರೆ ಕೆರೆಯ ಹೆಂಗಸರು ಫೋಟೊಗೆ ನಿಲ್ಲುವ ಮೊದಲೇ ಒಂದು ಪಾಳಿ ದುಡಿದು ಬಂದಿರುತ್ತಾರೆ.

ಕಾಯ್ದೆಯ ಎಲ್ಲವೂ ಅವರ ಪರವಾಗಿಯೇ ಇದೆ ಎನ್ನಲಾರೆ. ಫಲಾನುಭವಿಗಳಲ್ಲಿ ಮೂರನೇ ಒಂದು ಭಾಗವಾದರೂ ಮಹಿಳೆಯರಿರಬೇಕೆಂದು ಅದು ಹೇಳುತ್ತದೆ, ಸರಿ. ಆದರೆ ವರ್ಷಕ್ಕೆ 100 ದಿನಗಳ ಖಾತ್ರಿಯಿರುವುದು ಕುಟುಂಬಕ್ಕೆ, ಆಳಿಗಲ್ಲ. ಗಂಡ ಹೆಂಡತಿ ಇಬ್ಬರೂ ಬಂದರೆ ಐವತ್ತೇ ದಿನಕ್ಕೆ ಕುಟುಂಬದ ಉದ್ಯೋಗ ಚೀಟಿ ಭರ್ತಿ. ಯಾರ ಪಾಲಿಗೆ ಎಷ್ಟು ದಿನ ಎಂಬುದು ಪಂಚಾಯಿತಿಯಲ್ಲಿ ಅಲ್ಲ, ಒಲೆಯ ಮುಂದೆ ತೀರ್ಮಾನವಾಗುತ್ತದೆ. ಅಲ್ಲಿ ಯಾರ ಮಾತು ನಡೆಯುತ್ತದೆಂದು ಯಾವ ಕಡತವೂ ಹೇಳುವುದಿಲ್ಲ.

ಮಧ್ಯಾಹ್ನ ಎರಡನೆಯ ಫೋಟೊ ಆಯಿತು. ಗಂಡಸರು ಸಲಿಕೆ ಹೆಗಲಿಗೇರಿಸಿ ಬೀಡಿ ಹಚ್ಚಿಕೊಂಡು ಊರ ಕಡೆ ಹೊರಟರು. ಜೋಳಿಗೆಯ ಕೂಸಿನ ತಾಯಿ ಸೀರೆ ಬಿಚ್ಚಿ ಮಡಿಚಿ, ಕೂಸನ್ನು ಸೊಂಟಕ್ಕೇರಿಸಿಕೊಂಡು, ಏರಿಯ ಕೆಳಗೆ ಬಿದ್ದಿದ್ದ ಜಾಲಿಯ ಒಣ ಕಟ್ಟಿಗೆ ಆಯಲು ಇಳಿದಳು.